ಹಳೇ ಲ್ಯಾಪ್‌ಟಾಪಿಗೆ ಹಿಸೆ ಮಾಡಿದ ಕಥೆ

ನಿನ್ನೆ ರಾತ್ರಿ ಹನ್ನೊಂದೂವರೆಗೆ ಲ್ಯಾಪ್‌ಟಾಪ್ ಆನ್ ಮಾಡಿದಾಗ ಕಪ್ಪು ಪರದೆಯ ಮೇಲೆ ನಾಲ್ಕು ಸಾಲು ಬಂತು. ಮೊದಲನೆಯದು ಲಿನಕ್ಸ್ ಮಿಂಟ್, ವಿಂಡೋಸಿನ ಹಾಗೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್. ಅದರ ಕೆಳಗೆಲ್ಲೋ ವಿಂಡೋಸ್. ಎರಡನ್ನೂ ಒಂದೊಂದು ಸಲ ತೆರೆದು ನೋಡಿದೆ. ಎರಡೂ ತೆರೆದವು. ಆಮೇಲೆ ಸುಮ್ನೆ ಖುಷಿಗೆ ಇನ್ನೊಂದು ಸಲ ತೆರೆದೆ.

ಹೀಗೆ ಒಂದೇ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಪಕ್ಕದಲ್ಲೇ ಲಿನಕ್ಸನ್ನೂ ಕೂರಿಸೋಕೆ ಐದು ದಿನ ಹಿಡಿಯಿತು. ಬಲ್ಲವರು ಅರ್ಧ ಗಂಟೆಯ ಕೆಲಸ ಅನ್ನುತ್ತಾರೆ. ಅವರು ಹೇಳುವುದು ಸುಳ್ಳಲ್ಲ. ಇನ್‌ಸ್ಟಾಲ್ ಆಗೋಕೆ ಹಿಡಿದದ್ದು ಬರೀ ಇಪ್ಪತ್ತೆರಡು ನಿಮಿಷ. ಉಳಿದ ದಿನಗಳೆಲ್ಲ ಎಲ್ಲಿ ಹೋದವು ಅನ್ನೋದನ್ನು ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತೇನೆ. ಇದೇ ದಾರಿಯಲ್ಲಿ ಬರುವವರಿಗೆ ಒಂದೆರಡು ರಾತ್ರಿಯ ನಿದ್ದೆಯಾದರೂ ಉಳಿಯಲಿ.

ನಮ್ಮನೆ ಶಿರಸಿಯಿಂದ ಹುಲೇಕಲ್ ಕಡೆ ಹೋಗುವ ರಸ್ತೆಯ ಒಂದು ಹಳ್ಳಿಯಲ್ಲಿದೆ. ಅಡಿಕೆ ತೋಟ ಇದೆ, ಜೊತೆಗೆ ಮನೆಯಲ್ಲೇ ಡಿಟಿಪಿ. ಮದುವೆ, ಉಪನಯನದ ಕಾಗದ, ತಾಳಮದ್ದಲೆಯ ಕರಪತ್ರ, ವರ್ಷಕ್ಕೊಮ್ಮೆ ಸೊಸೈಟಿಯ ವರದಿ. ಲ್ಯಾಪ್‌ಟಾಪ್ 2017ರದ್ದು. ಒಳಗೆ ಎರಡು ಡಿಸ್ಕ್: ವಿಂಡೋಸ್ ಕೂತಿರುವ 256 ಜಿಬಿಯ ಸಣ್ಣ ಎಸ್‌ಎಸ್‌ಡಿ, ಕಡತಗಳಿಗೆ ಅಂತ 1 ಟಿಬಿಯ ಹಾರ್ಡ್‌ಡಿಸ್ಕ್. ಈ ಎರಡು ಡಿಸ್ಕಿನ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಇದೇ ನನ್ನನ್ನು ಕಾಡಿದ್ದು.

ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. 11ಕ್ಕೆ ಹೋಗೋಣ ಅಂದರೆ ಅದು ಇಂಟೆಲ್‌ನ ಎಂಟನೇ ಪೀಳಿಗೆಯಿಂದ ಮೇಲಿನ ಪ್ರೊಸೆಸರ್ ಕೇಳುತ್ತದೆ. ನನ್ನದು ಏಳನೆಯದು. ಒಂದೇ ಮೆಟ್ಟಿಲು ಕೆಳಗೆ! ಯಂತ್ರ ಗಟ್ಟಿಮುಟ್ಟಾಗಿದೆ, ಕೀಲಿಗಳ ಮೇಲಿನ ಅಕ್ಷರ ಅಳಿಸಿವೆ ಅಷ್ಟೇ. ಹೊಸದಕ್ಕೆ ನಲವತ್ತೈದು ಸಾವಿರ ಸುರಿಯೋ ಮನಸ್ಸಿರಲಿಲ್ಲ.

ಪೂರ್ತಿ ಲಿನಕ್ಸಿಗೇ ಹೋಗಬಹುದಿತ್ತಲ್ಲ ಅಂತ ಕೇಳಬಹುದು. ಹೋಗಲಾರೆ. ನನ್ನ ಹೊಟ್ಟೆಪಾಡು ವಿಂಡೋಸಿನಲ್ಲಿ ಓಡುವ ಪೇಜ್‌ಮೇಕರ್ 7 ಅನ್ನೋ ಪುಟ ವಿನ್ಯಾಸದ ತಂತ್ರಾಂಶದಲ್ಲಿದೆ. ಅದು ಬಂದದ್ದು 2001ರಲ್ಲಿ. ಪ್ರಿಂಟಿಂಗ್ ಪ್ರೆಸ್ಸಿನವರು ಇವತ್ತಿಗೂ ಅದೇ ಫೈಲ್ ಕೇಳುತ್ತಾರೆ, ಅದೂ ಹಳೇ ನುಡಿ ಫಾಂಟಿನಲ್ಲಿ. ಹಾಗಾಗಿ ಡಿಟಿಪಿಗೆ ವಿಂಡೋಸ್, ನೆಟ್ ಬ್ಯಾಂಕಿಂಗ್ ಮತ್ತು ಉಳಿದದ್ದಕ್ಕೆಲ್ಲ ಲಿನಕ್ಸ್ ಅಂತ ನಿರ್ಧಾರ ಮಾಡಿದೆ. ಒಂದೇ ಮನೆ, ಎರಡು ಒಲೆ. ನಮ್ಮ ಕಡೆ ಅಣ್ಣ ತಮ್ಮಂದಿರು ಬೇರೆಯಾಗುವಾಗ ಆಗೋದು ಇದೇ ತಾನೆ? ಹಿಸೆ. ಕಂಪ್ಯೂಟರಿನವರು ಅದನ್ನೇ ಪಾರ್ಟಿಶನ್ ಅನ್ನುತ್ತಾರೆ.

ಮೊದಲ ದಿನ ಬ್ಯಾಕಪ್ಪಿಗೆ ಹೋಯಿತು. ಡಿ ಡ್ರೈವಿನಲ್ಲಿ 340 ಜಿಬಿ. ಹನ್ನೆರಡು ವರ್ಷದ ಆಮಂತ್ರಣಗಳು, ಊರವರ ಫೋಟೋಗಳು, ಅಪ್ಪಯ್ಯ ಅರ್ಥ ಹೇಳಿದ ತಾಳಮದ್ದಲೆಗಳ ರೆಕಾರ್ಡಿಂಗ್. ಅವರು ಈಗಿಲ್ಲ. ಇದಕ್ಕೆ ಇನ್ನೊಂದು ಪ್ರತಿ ಎಲ್ಲೂ ಇರಲಿಲ್ಲ ಅನ್ನೋದು ಹೊಳೆದದ್ದೇ ಅವತ್ತು. ಶಿರಸಿಗೆ ಹೋಗಿ 1 ಟಿಬಿಯ ಹೊರಗಿನ ಡಿಸ್ಕ್ ತಂದೆ, 5,200 ರೂಪಾಯಿ. ಇಡೀ ಕೆಲಸದಲ್ಲಿ ದೊಡ್ಡ ಖರ್ಚು ಇದೊಂದೇ. ಕಾಪಿ ಆಗೋಕೆ ನಾಲ್ಕು ಗಂಟೆ. ಸಣ್ಣ ಸಣ್ಣ ಫೈಲು ಜಾಸ್ತಿ ಇದ್ದರೆ ನಿಮಗೂ ಅಷ್ಟೇ ಹಿಡಿಯುತ್ತದೆ. ಕಾಪಿ ಮುಗಿದ ಮೇಲೆ ನಾಲ್ಕಾರು ಫೈಲನ್ನು ಹೊರಗಿನ ಡಿಸ್ಕಿನಿಂದಲೇ ತೆರೆದು ನೋಡಿ. ಹೆಸರು ಕಂಡ ಮಾತ್ರಕ್ಕೆ ಫೈಲ್ ಇದೆ ಅಂತಲ್ಲ.

ಅದೇ ದಿನ ಮಿಂಟ್ ಡೌನ್‌ಲೋಡಿಗೆ ಹಚ್ಚಿದೆ. ಲಿನಕ್ಸಿನದೇ ಇನ್ನೊಂದು ಬಗೆಯಾದ ಉಬುಂಟುವಿನ ಫೈಲ್ ಸುಮಾರು 6 ಜಿಬಿ, ಮಿಂಟಿನದ್ದು ಅದರ ಅರ್ಧ. ನಮ್ಮನೆ ನೆಟ್ಟಿಗೆ ಇಷ್ಟೇ ಸಾಕಾದ ಕಾರಣ. ಮಿಂಟ್ 22 ಅನ್ನೋದು ಉಬುಂಟು 24.04ರ ಮೇಲೇ ಕಟ್ಟಿದ್ದು, 2029ರವರೆಗೆ ಅಪ್‌ಡೇಟ್ ಸಿಗುತ್ತದೆ. ಮಧ್ಯಾಹ್ನ ಎರಡಕ್ಕೆ ಕರೆಂಟ್ ಹೋಯಿತು, ಮೂರೂವರೆಗೆ ಬಂತು. ಡೌನ್‌ಲೋಡ್ ಮುಂದುವರಿದು ಮುಗಿದಿದೆ ಅಂತ ತೋರಿಸಿತು. ಸಂಶಯ ಬಂದು ಚೆಕ್‌ಸಮ್ ನೋಡಿದೆ. ಮಿಂಟಿನವರು ಫೈಲಿನ ಜೊತೆಗೇ 64 ಅಕ್ಷರದ ಒಂದು ಉದ್ದ ಸಾಲು ಕೊಟ್ಟಿರುತ್ತಾರೆ. ವಿಂಡೋಸಿನ ಕಮಾಂಡ್ ಪ್ರಾಂಪ್ಟಿನಲ್ಲಿ ಸರ್ಟ್‌ಯುಟಿಲ್ ಅನ್ನೋ ಕಮಾಂಡ್ ಇದೆ, ನಿಮ್ಮ ಫೈಲಿಗೆ ಅದೇ ಸಾಲು ಲೆಕ್ಕ ಹಾಕಿಕೊಡುತ್ತದೆ. ಎರಡೂ ಅಕ್ಷರಕ್ಕೆ ಅಕ್ಷರ ಹೊಂದಬೇಕು. ನನ್ನದು ಮೊದಲ ಅಕ್ಷರಕ್ಕೇ ಹೊಂದಲಿಲ್ಲ. ಮತ್ತೆ ಮೂರು ಜಿಬಿ. ಈ ಸಲ ಟೊರೆಂಟಿನಲ್ಲಿ ಹಾಕಿದೆ. ಅದು ಕರೆಂಟ್ ಹೋದರೂ ನಿಂತಲ್ಲಿಂದಲೇ ಮುಂದುವರಿಯುತ್ತದೆ, ತುಂಡು ತುಂಡಾಗಿ ತಾನೇ ಪರೀಕ್ಷೆಯನ್ನೂ ಮಾಡಿಕೊಳ್ಳುತ್ತದೆ. ಬೆಳಗಾಗುವಷ್ಟರಲ್ಲಿ ಮುಗಿದಿತ್ತು. ಹಳ್ಳಿಯಲ್ಲಿದ್ದವರು ಮೊದಲೇ ಟೊರೆಂಟ್ ಹಿಡಿಯುವುದು ಒಳ್ಳೆಯದು.

ಪೆನ್‌ಡ್ರೈವ್ 16 ಜಿಬಿಯದ್ದು, 380 ರೂಪಾಯಿ. 8 ಜಿಬಿ ಇದ್ದರೂ ನಡೆಯುತ್ತದೆ. ರೂಫಸ್ ಅನ್ನೋ ಪುಟ್ಟ ತಂತ್ರಾಂಶದಲ್ಲಿ ಮಿಂಟಿನ ಫೈಲನ್ನು ಅದಕ್ಕೆ ಇಳಿಸಿದೆ. ಪೆನ್‌ಡ್ರೈವಿನಲ್ಲಿ ಮೊದಲು ಇದ್ದದ್ದೆಲ್ಲ ಅಳಿಸಿಹೋಗುತ್ತದೆ. ಹೊಸದು ತಂದದ್ದು ಅದಕ್ಕೇ.

ಎರಡನೇ ದಿನ ಜಾಗ ಅಳೆಯುವ ಕೆಲಸ. ಇಲ್ಲಿ ಮೋಜಣಿದಾರ ವಿಂಡೋಸೇ ಆಗಬೇಕು. ತನ್ನ ಜಾಗವನ್ನು ತಾನೇ ಬಿಟ್ಟುಕೊಟ್ಟರೆ ಗಲಾಟೆ ಇಲ್ಲ. ಲಿನಕ್ಸ್ ಕಡೆಯಿಂದಲೂ ಜಾಗ ಕತ್ತರಿಸಬಹುದು, ಆದರೆ ನಾನಂತೂ ಆ ಧೈರ್ಯ ಮಾಡಲಿಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು, ಸಿ ಡ್ರೈವಿನ ಮೇಲೆ ಬಲ ಕ್ಲಿಕ್ ಮಾಡಿ, ಶ್ರಿಂಕ್ ಒತ್ತಿದೆ. ಸಿ ಡ್ರೈವಿನಲ್ಲಿ 128 ಜಿಬಿ ಖಾಲಿ ಇತ್ತು. ಬಿಟ್ಟುಕೊಡಬಹುದಾದ ಜಾಗ ಅಂತ ಅದು ತೋರಿಸಿದ್ದು 11 ಜಿಬಿ.

ಅಷ್ಟು ದೊಡ್ಡ ಅಂಗಳದಲ್ಲಿ ಹಸು ಕಟ್ಟುವಷ್ಟು ಜಾಗ ಮಾತ್ರ ಕೊಡುತ್ತೇನೆ ಅಂದ ಹಾಗಾಯಿತು. ಕಾರಣ ಏನೆಂದರೆ ವಿಂಡೋಸ್ ಕೆಲವು ಫೈಲುಗಳನ್ನು ಜಾಗ ಬಿಟ್ಟು ಕದಲಿಸುವುದಿಲ್ಲ. ಹೈಬರ್‌ನೇಶನ್ ಫೈಲ್, ಪೇಜ್ ಫೈಲ್, ರಿಸ್ಟೋರ್ ಪಾಯಿಂಟುಗಳು ಅಂಥವು. ಅವು ಡಿಸ್ಕಿನ ನಡುಮಧ್ಯೆ ಕೂತಿದ್ದರೆ ಅವುಗಳ ಆಚೆಗಿನ ಜಾಗ ಮಾತ್ರ ನಿಮಗೆ ಸಿಗುತ್ತದೆ. ಮೂರನ್ನೂ ತಾತ್ಕಾಲಿಕವಾಗಿ ಬಂದ್ ಮಾಡಬೇಕು. ಹೈಬರ್‌ನೇಶನ್ನಿಗೆ ಅಡ್ಮಿನ್ ಆಗಿ ತೆರೆದ ಕಮಾಂಡ್ ಪ್ರಾಂಪ್ಟಿನಲ್ಲಿ ಪವರ್‌ಸಿಎಫ್‌ಜಿ ಕಮಾಂಡಿದೆ. ಉಳಿದೆರಡು ಸಿಸ್ಟಮ್ ಪ್ರಾಪರ್ಟೀಸಿನಲ್ಲಿ ಸಿಗುತ್ತವೆ. ಮೂರೂ ಆಫ್ ಮಾಡಿ ರೀಸ್ಟಾರ್ಟ್ ಮಾಡಿದ ಮೇಲೆ 90 ಜಿಬಿಗಿಂತ ಜಾಸ್ತಿ ತೋರಿಸಿತು. ನಾನು 70 ತೆಗೆದುಕೊಂಡೆ. ಅಲ್ಲಿ ಎಂಬಿ ಲೆಕ್ಕದಲ್ಲಿ ಬರೆಯಬೇಕು, 70 ಜಿಬಿ ಅಂದರೆ 71,680. ಕಡತಗಳೆಲ್ಲ ಡಿ ಡ್ರೈವಿನಲ್ಲಿ ಇರುವವರಿಗೆ ಇಷ್ಟು ಧಾರಾಳ.

ಪರದೆಯ ಕೆಳಗೆ ನೀಲಿ ಪಟ್ಟಿಯ ಪಕ್ಕ ಒಂದು ಕಪ್ಪು ಪಟ್ಟಿ ಬಂತು. ಅದು ಹಾಗೇ ಕಪ್ಪಾಗಿರಲಿ. ವಿಂಡೋಸಿನಲ್ಲಿ ಅದನ್ನು ಫಾರ್ಮ್ಯಾಟ್ ಮಾಡೋಕೆ ಹೋಗಬೇಡಿ, ಹೊಸ ಡ್ರೈವ್ ಅಂತ ಹೆಸರು ಕೊಡಬೇಡಿ.

ಹೈಬರ್‌ನೇಶನ್ ಆಫ್ ಮಾಡಿದರೆ ವಿಂಡೋಸನ್ನು ಬೇಗ ತೆರೆಸುವ ಫಾಸ್ಟ್ ಸ್ಟಾರ್ಟಪ್ ಕೂಡ ಆಫ್ ಆಗುತ್ತದೆ, ಅದು ಆಗಲೇಬೇಕಾದ ಕೆಲಸ. ಯಾಕೆ ಅಂತ ಮುಂದೆ ಹೇಳುತ್ತೇನೆ. ಇನ್ನು ಹೊಸ ಲ್ಯಾಪ್‌ಟಾಪ್ ಇದ್ದವರು, ಅದರಲ್ಲೂ ವಿಂಡೋಸ್ 11ರವರು, ಡಿಸ್ಕಿಗೇ ಬೀಗ ಹಾಕುವ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಶನ್ ಆನ್ ಇದೆಯಾ ಅಂತ ಮೊದಲು ನೋಡಿಕೊಳ್ಳಿ. ನೀವು ಆನ್ ಮಾಡದೇ ಇದ್ದರೂ ಅದು ತಾನಾಗಿ ಆನ್ ಆಗಿರಬಹುದು. ಬಯೋಸಿನಲ್ಲಿ, ಅಂದರೆ ವಿಂಡೋಸಿಗಿಂತ ಮೊದಲು ಏಳುವ ಯಂತ್ರದ ಮೂಲ ಸೆಟ್ಟಿಂಗುಗಳಲ್ಲಿ, ಏನಾದರೂ ಬದಲಿಸಿದರೆ 48 ಅಂಕಿಯ ಒಂದು ಕೀಲಿ ಕೇಳುತ್ತದೆ. ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಕೆಲಸ ಶುರು ಮಾಡುವ ಮೊದಲೇ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಅದೇ ಲ್ಯಾಪ್‌ಟಾಪಿನಲ್ಲಿ ಸೇವ್ ಮಾಡಿ ಇಟ್ಟರೆ ಪೆಟ್ಟಿಗೆಯ ಬೀಗದ ಕೈ ಪೆಟ್ಟಿಗೆಯೊಳಗೇ ಇಟ್ಟ ಹಾಗೆ. ನನ್ನದರಲ್ಲಿ ಎನ್‌ಕ್ರಿಪ್ಶನ್ ಇರಲಿಲ್ಲ, ಅಷ್ಟು ಪುಣ್ಯ.

ಮೂರನೇ ದಿನ ನಮ್ಮಲ್ಲಿ ಅಡಿಕೆಯ ಕೊನೆಕೊಯ್ಲು. ಹಗಲೆಲ್ಲ ತೋಟ, ರಾತ್ರಿ ಜಗಲಿಯಲ್ಲಿ ಅಡಿಕೆ ಸುಲಿಯುವುದು. ಹತ್ತು ಹನ್ನೆರಡು ಜನ ಮೆಟ್ಟುಗತ್ತಿ ಮುಂದಿಟ್ಟುಕೊಂಡು ಕೂತಿದ್ದರು. ನಾನು ಒಂದು ತಾಸು ಸುಲಿದು, ಕೈ ತೊಳೆದು ಒಳಗೆ ಬಂದೆ. ಚೊಗರು ಎಷ್ಟು ತೊಳೆದರೂ ಹೋಗುವುದಿಲ್ಲ. ಹೆಬ್ಬೆರಳು ಕಪ್ಪು, ಉಗುರಿನ ಸಂದಿ ಇನ್ನೂ ಕಪ್ಪು.

ಪೆನ್‌ಡ್ರೈವ್ ಸಿಕ್ಕಿಸಿ ಆನ್ ಮಾಡುತ್ತಲೇ ಎಫ್12 ಒತ್ತಿದೆ. ಬೂಟ್ ಮೆನುವಿಗೆ ಒಂದೊಂದು ಕಂಪನಿಯದ್ದು ಒಂದೊಂದು ಕೀಲಿ. ಕೆಲವಕ್ಕೆ ಎಫ್9, ಕೆಲವಕ್ಕೆ ಎಸ್ಕೇಪ್. ಎರಡು ನಿಮಿಷದಲ್ಲಿ ಮಿಂಟ್ ತೆರೆಯಿತು. ಇನ್‌ಸ್ಟಾಲ್ ಮಾಡದೆಯೇ ಪೆನ್‌ಡ್ರೈವಿನಿಂದಲೇ ಓಡಿಸಿ ನೋಡಬಹುದು, ಇದು ಒಳ್ಳೇ ಸೌಲಭ್ಯ. ಶಬ್ದ ಬಂತು. ಟಚ್‌ಪ್ಯಾಡ್ ಓಡಿತು. ಪರದೆಯ ಬೆಳಕು ಹೆಚ್ಚು ಕಡಿಮೆ ಆಯಿತು. ವೈಫೈ ಮಾತ್ರ ಇಲ್ಲ. ಇರಲಿ, ಆಮೇಲೆ ನೋಡೋಣ ಅಂದುಕೊಂಡೆ.

ಇನ್‌ಸ್ಟಾಲ್ ಒತ್ತಿದೆ. ಭಾಷೆ, ಕೀಬೋರ್ಡ್ ಎಲ್ಲ ಕೇಳಿತು. ಆಮೇಲೆ ಬಂದ ಪುಟ ನೋಡಿ ಕೈ ನಿಂತಿತು. ಈ ಕಂಪ್ಯೂಟರಿನಲ್ಲಿ ಯಾವುದೇ ಆಪರೇಟಿಂಗ್ ಸಿಸ್ಟಮ್ ಕಾಣಿಸುತ್ತಿಲ್ಲ ಅಂತ ಅದು ಹೇಳುತ್ತಿತ್ತು. ಕೆಳಗೆ ಮೊದಲ ಆಯ್ಕೆ: ಡಿಸ್ಕ್ ಅಳಿಸಿ ಮಿಂಟ್ ಹಾಕು. ಅದರ ಮುಂದಿನ ದುಂಡನೆಯ ಬೊಟ್ಟು ಮೊದಲೇ ತುಂಬಿತ್ತು. ಬಲಗಡೆ ಕೆಳಗೆ ಇನ್‌ಸ್ಟಾಲ್ ಬಟನ್, ಒತ್ತು ಒತ್ತು ಅನ್ನುವಂತೆ.

ನಿನ್ನೆಯಷ್ಟೇ ನಾನೇ ಗಡಿಕಲ್ಲು ಹುಗಿದು ಬಂದ ವಿಂಡೋಸ್ ಎಲ್ಲಿಗೆ ಹೋಯಿತು? ವಿಂಡೋಸಿನ ಪಕ್ಕದಲ್ಲಿ ಹಾಕು ಅನ್ನೋ ಆಯ್ಕೆ ಬರಬೇಕಿತ್ತಲ್ಲ? ಜಗಲಿಯಿಂದ ಆಯಿ ಕೂಗಿದಳು, "ತಮಾ, ಎಂತ ಆತೋ? ಒಳಗೆ ಹೋದವ ಅಲ್ಲೇ ಉಳ್ದ್ಯಲಾ." ನಾನು ಉತ್ತರ ಕೊಡಲಿಲ್ಲ. ಕಪ್ಪು ಹೆಬ್ಬೆರಳು ಟಚ್‌ಪ್ಯಾಡಿನ ಮೇಲೇ ಇತ್ತು. ಮೆಲ್ಲಗೆ ಎತ್ತಿದೆ.

ಇನ್‌ಸ್ಟಾಲರ್ ಮುಚ್ಚಿ, ಮಿಂಟಿನ ಡಿಸ್ಕ್ಸ್ ಅನ್ನೋ ತಂತ್ರಾಂಶ ತೆರೆದೆ. ಎಡಗಡೆ ಪಟ್ಟಿಯಲ್ಲಿ ಪೆನ್‌ಡ್ರೈವ್ ಬಿಟ್ಟರೆ ಒಂದೇ ಡಿಸ್ಕ್ ಇತ್ತು. 1 ಟಿಬಿಯದ್ದು. ನನ್ನ ಡಿ ಡ್ರೈವ್. ಅಪ್ಪಯ್ಯನ ತಾಳಮದ್ದಲೆ ಇದ್ದದ್ದು. ವಿಂಡೋಸ್ ಇರುವ ಸಣ್ಣ ಎಸ್‌ಎಸ್‌ಡಿ ಮಿಂಟಿಗೆ ಕಾಣುತ್ತಲೇ ಇಲ್ಲ. ಆ ಬಟನ್ ಒತ್ತಿದ್ದರೆ ಅಳಿಸಿಹೋಗುತ್ತಿದ್ದದ್ದು ಡಿ ಡ್ರೈವ್. ಬ್ಯಾಕಪ್ ಇತ್ತು, ನಿಜ. ಆದರೂ ಅಂಗೈ ತಣ್ಣಗಾಯಿತು. ಹೊರಗೆ ಹೋಗಿ ಮತ್ತೆ ಒಂದು ತಾಸು ಅಡಿಕೆ ಸುಲಿದೆ.

ರಾತ್ರಿ ಮಲಗಿಕೊಂಡು ಮೊಬೈಲಿನಲ್ಲಿ ಹುಡುಕಿದಾಗ ಕಾರಣ ಸಿಕ್ಕಿತು. ಆ ಕಾಲದ ಕೆಲವು ಲ್ಯಾಪ್‌ಟಾಪುಗಳಲ್ಲಿ ಬಯೋಸಿನ ಸಾಟಾ ಸೆಟ್ಟಿಂಗ್ (ಯಂತ್ರ ಡಿಸ್ಕುಗಳ ಜೊತೆ ಹೇಗೆ ಮಾತಾಡಬೇಕು ಅನ್ನೋದು) ರೇಡ್ ಅಂತಲೋ ಇಂಟೆಲ್ ಆರ್‌ಎಸ್‌ಟಿ ಅಂತಲೋ ಇರುತ್ತದೆ. ಹಾಗಿದ್ದಾಗ ಎನ್‌ವಿಎಂಇ ಜಾತಿಯ ಎಸ್‌ಎಸ್‌ಡಿ ಆರ್‌ಎಸ್‌ಟಿಯ ಬೆನ್ನ ಹಿಂದೆ ಅಡಗಿಕೊಳ್ಳುತ್ತದೆ. ವಿಂಡೋಸಿನಲ್ಲಿ ಅದರ ಜೊತೆ ಮಾತಾಡುವ ತಂತ್ರಾಂಶ, ಅಂದರೆ ಡ್ರೈವರ್ ಇದೆ, ಕಾಣುತ್ತದೆ. ಲಿನಕ್ಸಿಗೆ ಕಾಣುವುದಿಲ್ಲ. ಬಯೋಸಿನಲ್ಲಿ ಅದನ್ನು ಎಎಚ್‌ಸಿಐ ಅನ್ನೋ ಇನ್ನೊಂದು ವಿಧಾನಕ್ಕೆ ಬದಲಿಸಬೇಕು.

ಇಷ್ಟು ಓದಿ ಮೊಬೈಲ್ ಕೆಳಗಿಟ್ಟೆ. ಅಲ್ಲೇ ತಪ್ಪಿದೆ. ಇನ್ನೊಂದು ಪ್ಯಾರಾ ಓದಬೇಕಿತ್ತು.

ಮರುದಿನ ಬೆಳಿಗ್ಗೆ ತೆಳ್ಳೇವು ತಿಂದು ಬಂದು ಕೂತವನು ಬಯೋಸಿಗೆ ಹೋಗಿ ಎಎಚ್‌ಸಿಐ ಮಾಡಿಯೇಬಿಟ್ಟೆ. ವಿಂಡೋಸ್ ಶುರುವಾಗಿ, ನೀಲಿ ಪರದೆ ಬಂತು, ಬೂಟ್ ಡಿವೈಸ್ ಸಿಗುತ್ತಿಲ್ಲ ಅಂತ. ಮತ್ತೆ ರೀಸ್ಟಾರ್ಟ್, ಮತ್ತೆ ನೀಲಿ. ಆ ಹತ್ತು ನಿಮಿಷ ಏನೇನು ಯೋಚನೆ ಬಂತು ಅಂತ ಬರೆಯುವುದು ಬೇಡ. ಮುಂದಿನ ವಾರ ಒಂದು ಉಪನಯನದ ಕಾಗದ ಪ್ರೆಸ್ಸಿಗೆ ಹೋಗಬೇಕಿತ್ತು, ಅಷ್ಟು ಹೇಳಿದರೆ ಸಾಕು. ಕೊನೆಗೆ ಬಯೋಸಿನಲ್ಲಿ ಹಳೇ ಸೆಟ್ಟಿಂಗಿಗೇ ವಾಪಸ್ ಹಾಕಿದೆ. ವಿಂಡೋಸ್ ಏನೂ ಆಗಿಲ್ಲವೆಂಬಂತೆ ತೆರೆಯಿತು. ನಿಮಗೂ ಹೀಗಾದರೆ ಹೆದರಬೇಡಿ, ವಾಪಸ್ ಬದಲಿಸಿದರೆ ಆಯಿತು.

ಸರಿಯಾದ ಕ್ರಮ ಹೀಗೆ. ಮೊದಲು ವಿಂಡೋಸಿನಲ್ಲಿ ಎಂಎಸ್‌ಕಾನ್ಫಿಗ್ ತೆರೆದು, ಬೂಟ್ ಅನ್ನೋ ಕಡೆ ಸೇಫ್ ಬೂಟಿಗೆ ಟಿಕ್ ಹಾಕಬೇಕು. ರೀಸ್ಟಾರ್ಟ್ ಮಾಡಿ, ವಿಂಡೋಸಿಗೆ ಹೋಗದೆ ನೇರ ಬಯೋಸಿಗೆ ಹೋಗಿ ಎಎಚ್‌ಸಿಐ ಮಾಡಬೇಕು. ಆಮೇಲೆ ವಿಂಡೋಸ್ ಸೇಫ್ ಮೋಡಿನಲ್ಲಿ, ಅಂದರೆ ತೀರಾ ಅಗತ್ಯದ್ದನ್ನಷ್ಟೇ ಇಟ್ಟುಕೊಂಡು, ತೆರೆಯುತ್ತದೆ. ಆಗ ಅದು ಹೊಸ ಸೆಟ್ಟಿಂಗಿಗೆ ಬೇಕಾದ ಡ್ರೈವರನ್ನು ತಾನೇ ಹಿಡಿದುಕೊಳ್ಳುತ್ತದೆ. ಮತ್ತೆ ಎಂಎಸ್‌ಕಾನ್ಫಿಗ್‌ನಲ್ಲಿ ಟಿಕ್ ತೆಗೆದು ರೀಸ್ಟಾರ್ಟ್ ಮಾಡಿದರೆ ಮಾಮೂಲಿ ವಿಂಡೋಸ್.

ಕ್ರಮ ಸರಿಯೇ. ಆದರೆ ಸೇಫ್ ಮೋಡಿನಲ್ಲಿ ನನ್ನ ನಾಲ್ಕಂಕಿಯ ಪಿನ್ ನಡೆಯಲಿಲ್ಲ. ಪಾಸ್‌ವರ್ಡ್ ಕೊಡು ಅಂತು. ಯಾವ ಪಾಸ್‌ವರ್ಡ್? ವರ್ಷಗಟ್ಟಲೆ ಪಿನ್ ಒತ್ತಿಯೇ ಬದುಕಿದವನು ನಾನು. ಮೊಬೈಲಿನಲ್ಲಿ ಮೈಕ್ರೋಸಾಫ್ಟ್ ಖಾತೆಗೆ ಹೋಗಿ ಪಾಸ್‌ವರ್ಡ್ ಬದಲಿಸೋಣ ಅಂತ ಕೈ ಹಾಕಿದವನು ತಡೆದೆ. ಬರೀ ಸೇಫ್ ಮೋಡಿನಲ್ಲಿ ನೆಟ್ ಇರುವುದಿಲ್ಲ. ಹೊಸ ಪಾಸ್‌ವರ್ಡ್ ಈ ಲ್ಯಾಪ್‌ಟಾಪಿಗೆ ತಿಳಿಯುವುದಾದರೂ ಹೇಗೆ? ಅದಕ್ಕೆ ಗೊತ್ತಿರುವುದು ಹಳೆಯದೇ. ನೆನಪಿದ್ದ ಮೂರು ಪಾಸ್‌ವರ್ಡ್ ಹೊಡೆದೆ, ಮೂರೂ ತಪ್ಪು. ಟಿಕ್ ತೆಗೆಯದೆ ಎಷ್ಟು ಸಲ ರೀಸ್ಟಾರ್ಟ್ ಮಾಡಿದರೂ ಮತ್ತೆ ಸೇಫ್ ಮೋಡೇ ಬರುತ್ತದೆ. ಸುತ್ತಿ ಸುತ್ತಿ ಅಲ್ಲಿಗೇ.

ಸ್ಟೀಲ್ ಕಪಾಟು ನೆನಪಾಯಿತು. ಪಹಣಿ, ಖಾತೆ ಉತಾರ, ಅಜ್ಜನ ಕಾಲದ ಹಿಸೆಪತ್ರ ಎಲ್ಲ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಲ್ಯಾಪ್‌ಟಾಪಿನ 2017ರ ಬಿಲ್ಲೂ ಇತ್ತು. ಬಿಲ್ಲಿನ ಹಿಂದೆ ಪೆನ್ಸಿಲಿನಲ್ಲಿ ನನ್ನದೇ ಅಕ್ಷರದ ಒಂದು ಸಾಲು. ಮಗಳು ಹುಟ್ಟಿದ ವರ್ಷ, ನಮ್ಮನೆ ಹಸುವಿನ ಹೆಸರು, ಒಂದು ಆಶ್ಚರ್ಯಸೂಚಕ. ಹೊಡೆದೆ. ತೆರೆಯಿತು. ಆ ಹಸು ಹೋಗಿಯೇ ನಾಲ್ಕು ವರ್ಷ ಆಯಿತು.

ಹಾಗಾಗಿ ನನ್ನ ಮೊದಲ ಬುದ್ಧಿಮಾತು ಇದೇ: ಬಯೋಸ್ ಮುಟ್ಟುವ ಮೊದಲು ಒಂದು ಸಲ ಪಿನ್ ಬಿಟ್ಟು ಪಾಸ್‌ವರ್ಡ್ ಹೊಡೆದು ವಿಂಡೋಸಿಗೆ ಲಾಗಿನ್ ಆಗಿ ನೋಡಿ. ಗೊತ್ತಿಲ್ಲದಿದ್ದರೆ ನೆಟ್ ಇರುವಾಗಲೇ ಸರಿ ಮಾಡಿಕೊಳ್ಳಿ.

ಸಂಜೆ ಮತ್ತೆ ಪೆನ್‌ಡ್ರೈವಿನಿಂದ ಮಿಂಟ್ ತೆರೆದು ಡಿಸ್ಕ್ಸ್ ನೋಡಿದೆ. ಎರಡೂ ಡಿಸ್ಕ್ ಸಾಲಾಗಿ ಕೂತಿದ್ದವು. ಇನ್‌ಸ್ಟಾಲರಿನಲ್ಲಿ ಈಗ ವಿಂಡೋಸಿನ ಪಕ್ಕದಲ್ಲಿ ಹಾಕು ಅನ್ನೋದೂ ಬಂತು. ಒಂದೇ ಡಿಸ್ಕ್ ಇದ್ದವರು ಅದನ್ನೇ ಒತ್ತಬಹುದು. ನನಗೆ ಎಲ್ಲಿ ಕೂರುತ್ತದೆ ಅಂತ ಕಣ್ಣಾರೆ ನೋಡಬೇಕಿತ್ತು, ಹಾಗಾಗಿ ಸಮ್‌ಥಿಂಗ್ ಎಲ್ಸ್ ಒತ್ತಿದೆ. ಖಾಲಿ ಇರುವ 70 ಜಿಬಿಯ ಸಾಲನ್ನು ಆರಿಸಿ, ಪ್ಲಸ್ ಒತ್ತಿ, ಲಿನಕ್ಸ್ ಫೈಲ್ ಇಡುವ ಬಗೆಯಾದ ಇಎಕ್ಸ್‌ಟಿ4 ಅಂತ ಇಟ್ಟು, ಮೌಂಟ್ ಪಾಯಿಂಟಿಗೆ ಬರೀ ಒಂದು ಓರೆಗೆರೆ ಕೊಟ್ಟೆ. ಸ್ವಾಪಿಗೆ (ಮೆಮೊರಿ ಸಾಲದಾಗ ಬಳಸುವ ಡಿಸ್ಕಿನ ಜಾಗ) ಬೇರೆ ಪಾಲು ಬೇಡ, ಅದು ಫೈಲಾಗಿ ತಾನೇ ಆಗುತ್ತದೆ. ಪಟ್ಟಿಯಲ್ಲಿ 100 ಎಂಬಿಯ ಒಂದು ಇಎಫ್‌ಐ ಪಾಲು ಕಾಣುತ್ತದೆ. ಅದು ಎರಡು ಮನೆಗೂ ಸೇರಿದ ಹೆಬ್ಬಾಗಿಲು. ಅದರ ಫಾರ್ಮ್ಯಾಟ್ ಚೌಕಕ್ಕೆ ಮಾತ್ರ ಟಿಕ್ ಹಾಕಲೇಬೇಡಿ. ಕೆಳಗೆ ಬೂಟ್‌ಲೋಡರ್ (ಆನ್ ಮಾಡಿದಾಗ ಮೆನು ತೋರಿಸುವ ತಂತ್ರಾಂಶ) ಯಾವ ಡಿಸ್ಕಿಗೆ ಅಂತ ಕೇಳುವಲ್ಲಿ ಎಸ್‌ಎಸ್‌ಡಿಯನ್ನೇ ಇಟ್ಟೆ.

ಇನ್‌ಸ್ಟಾಲ್ ಒತ್ತುವ ಮೊದಲು ಚಾರ್ಜರ್ ಹಾಕಿ, ಇನ್ವರ್ಟರ್ ದೀಪ ಹಸಿರಿದೆಯಾ ಅಂತ ನೋಡಿ ಬಂದೆ. ಬ್ಯಾಟರಿ ಈಗ ನಲವತ್ತು ನಿಮಿಷ ಬರುತ್ತದೆ ಅಷ್ಟೇ. ಊರು ಯಾವುದು ಅಂತ ಕೇಳಿದಾಗ ಭೂಪಟದಲ್ಲಿ ನಮ್ಮ ಶಿರಸಿಯ ಜಾಗಕ್ಕೇ ಒತ್ತಿದೆ. ಕೊಲ್ಕತ್ತಾ ಅಂತು. ಭಾರತದ ಯಾವ ಮೂಲೆ ಒತ್ತಿದರೂ ಅದಕ್ಕೆ ಕೊಲ್ಕತ್ತಾ, ಟೈಮ್ ಒಂದೇ ತಾನೆ. ಇಪ್ಪತ್ತೆರಡು ನಿಮಿಷ. ಅಷ್ಟರಲ್ಲಿ ಒಂದು ಕಷಾಯ ಕುಡಿದಾಯಿತು.

ಪೆನ್‌ಡ್ರೈವ್ ತೆಗೆದು ಎಂಟರ್ ಒತ್ತು ಅಂತು. ಒತ್ತಿದೆ. ನೇರ ವಿಂಡೋಸ್ ತೆರೆಯಿತು. ಮೆನುವೂ ಇಲ್ಲ, ಮಿಂಟೂ ಇಲ್ಲ.

ಈ ಸಲ ಗಾಬರಿ ಕಡಿಮೆ. ಬಯೋಸಿನ ಬೂಟ್ ಆರ್ಡರ್ ನೋಡಿದೆ. ಮಿಂಟ್ ಅಂತ ಹುಡುಕಿದರೆ ಇಲ್ಲ! ಉಬುಂಟು ಅಂತ ಒಂದು ಇತ್ತು, ವಿಂಡೋಸಿನ ಕೆಳಗೆ. ಮಿಂಟ್ ತನ್ನ ಹೆಸರನ್ನು ಅಲ್ಲಿ ಉಬುಂಟು ಅಂತಲೇ ಬರೆಸಿಕೊಳ್ಳುತ್ತದೆ, ತವರಿನ ಹೆಸರು. ಅದನ್ನು ಮೇಲಕ್ಕೆ ತಂದು ಸೇವ್ ಮಾಡಿದೆ. ಮೆನು ಬಂತು.

ವೈಫೈ ಬಾಕಿ ಇತ್ತಲ್ಲ. ಚಾರ್ಜಿಂಗ್ ವೈರಿನಲ್ಲೇ ಮೊಬೈಲ್ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ಲಿನಕ್ಸಿಗೆ ತಕ್ಷಣ ನೆಟ್ ಸಿಗುತ್ತದೆ, ಡ್ರೈವರ್ ಬೇಡ. ಇದು ಗೊತ್ತಿಲ್ಲದೆ ಎಷ್ಟೋ ಜನ ಇಲ್ಲಿಗೇ ಕೈಬಿಡುತ್ತಾರೆ. ಡ್ರೈವರ್ ಮ್ಯಾನೇಜರ್ ತೆರೆದೆ, ವೈಫೈ ಚಿಪ್ಪಿನ ಡ್ರೈವರ್ ತೋರಿಸಿತು, ಹಾಕಿದೆ. ಗುರುತಿಲ್ಲದ ತಂತ್ರಾಂಶವನ್ನು ತಡೆಯುವ ಸೆಕ್ಯೂರ್ ಬೂಟ್ ಆನ್ ಇದ್ದದ್ದರಿಂದ ಒಂದು ಪಾಸ್‌ವರ್ಡ್ ಇಡು ಅಂತು, ಇಟ್ಟೆ. ರೀಸ್ಟಾರ್ಟ್ ಆದಾಗ ನೀಲಿ ಪರದೆ. ನೀಲಿ ಅಂದರೆ ಈಗ ಭಯವೇ ಅಲ್ವಾ, ಸುಮ್ಮನೆ ನೋಡುತ್ತಾ ಕೂತೆ. ಹತ್ತು ಸೆಕೆಂಡಿಗೆ ಅದು ತಾನಾಗಿ ಹೋಯಿತು. ವೈಫೈ ಬರಲಿಲ್ಲ. ಆ ನೀಲಿ ಪರದೆ ಎಂಓಕೆ ಮ್ಯಾನೇಜರ್, ಹೆದರುವಂಥದ್ದಲ್ಲ. ಹತ್ತು ಸೆಕೆಂಡಿನೊಳಗೆ ಯಾವುದಾದರೂ ಕೀಲಿ ಒತ್ತಿ, ಎನ್‌ರೋಲ್ ಎಂಓಕೆ ಆರಿಸಿ, ಇಟ್ಟ ಪಾಸ್‌ವರ್ಡ್ ಕೊಡಬೇಕು. ಡ್ರೈವರ್ ತೆಗೆದು ಮತ್ತೆ ಹಾಕಿ, ಈ ಸಲ ಬೆರಳು ಕೀಲಿಯ ಮೇಲಿಟ್ಟುಕೊಂಡೇ ಕಾದೆ. ಬಂತು.

ಐದನೇ ದಿನ ಸಣ್ಣಪುಟ್ಟದ್ದು. ಬೆಳಿಗ್ಗೆ ಒಂಬತ್ತಕ್ಕೆ ವಿಂಡೋಸ್ ತೆರೆದರೆ ಗಡಿಯಾರ ಮೂರೂವರೆ ತೋರಿಸುತ್ತಿತ್ತು. ಒಳಗಿನ ಗಡಿಯಾರದಲ್ಲಿ ವಿಂಡೋಸ್ ನಮ್ಮೂರ ಸಮಯ ಇದೆ ಅಂದುಕೊಳ್ಳುತ್ತದೆ, ಲಿನಕ್ಸ್ ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಸಮಯ, ಬರೆದಿಡುತ್ತದೆ. ನಡುವೆ ಐದೂವರೆ ಗಂಟೆ. ಲಿನಕ್ಸಿನ ಟರ್ಮಿನಲ್ಲಿನಲ್ಲಿ ಟೈಮ್‌ಡೇಟ್‌ಸಿಟಿಎಲ್ ಕಮಾಂಡಿನ ಸೆಟ್ ಲೋಕಲ್ ಆರ್‌ಟಿಸಿಯನ್ನು 1 ಮಾಡಿದರೆ ಇಬ್ಬರೂ ಒಂದೇ ಗಡಿಯಾರ ನೋಡುತ್ತಾರೆ. ಇನ್ನೊಂದು ತರಲೆ ನಾನೇ ಮಾಡಿಕೊಂಡದ್ದು. ಕೆಲಸ ಮುಗಿಯಿತಲ್ಲ ಅಂತ ಹೈಬರ್‌ನೇಶನ್ ಮತ್ತೆ ಆನ್ ಮಾಡಿದೆ. ಜೊತೆಗೇ ಫಾಸ್ಟ್ ಸ್ಟಾರ್ಟಪ್ಪೂ ಎದ್ದು ಕೂತಿತು. ಮಿಂಟಿನಲ್ಲಿ ಡಿ ಡ್ರೈವ್ ತೆರೆದರೆ ಓದೋಕೆ ಬಂತು, ಬರೆಯೋಕೆ ಬರಲಿಲ್ಲ. ಫಾಸ್ಟ್ ಸ್ಟಾರ್ಟಪ್ ಇದ್ದಾಗ ವಿಂಡೋಸ್ ಪೂರ್ತಿ ಮಲಗಿರುವುದಿಲ್ಲ, ಡಿಸ್ಕಿನ ಮೇಲೆ ಒಂದು ಕೈ ಇಟ್ಟೇ ಇರುತ್ತದೆ. ಹೈಬರ್‌ನೇಶನ್ ಆಫ್ ಮಾಡಿ ಹಾಗೇ ಬಿಟ್ಟೆ.

ಕನ್ನಡದ ಚಿಂತೆ ಜಾಸ್ತಿ ಇತ್ತು. ಕೀಬೋರ್ಡ್ ಲೇಔಟುಗಳ ಪಟ್ಟಿಯಲ್ಲಿ ಹುಡುಕುತ್ತಾ ಹೋದರೆ ಕಗಪ ಅಂತಲೇ ಹೆಸರು ಸಿಕ್ಕಿತು. ಕನ್ನಡ ಗಣಕ ಪರಿಷತ್ತಿನ ಕಗಪ, ಕೆ.ಪಿ. ರಾವ್ ಅವರ ವಿನ್ಯಾಸದ ಮೇಲೆ ನಿಂತದ್ದು. ನುಡಿಯಲ್ಲಿ ಒತ್ತಿ ಅಭ್ಯಾಸ ಆದವರಿಗೆ ಅಲ್ಪಸ್ವಲ್ಪ ವ್ಯತ್ಯಾಸ ಬಿಟ್ಟರೆ ಬೆರಳು ತಾನೇ ಓಡುತ್ತದೆ. ಗುಬ್ಬಿ, ನವಿಲು ಅಂತ ಚಂದದ ಫಾಂಟುಗಳೂ ಸಾಫ್ಟ್‌ವೇರ್ ಮ್ಯಾನೇಜರಿನಲ್ಲೇ ಸಿಗುತ್ತವೆ. ಈ ಬರಹ ಅಲ್ಲೇ ಟೈಪ್ ಮಾಡಿದ್ದು. ಹಳೇ ನುಡಿ ಫಾಂಟಿನ ಫೈಲುಗಳು ಮಾತ್ರ ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತ) ಅಲ್ಲ. ಆ ಫಾಂಟ್ ಇಲ್ಲದೆ ತೆರೆದರೆ ಕನ್ನಡ ಅನ್ನೋ ಪದದ ನಡುವೆ ಬ್ರಿಟಿಷ್ ಪೌಂಡಿನ ಗುರುತು ಕಾಣುತ್ತದೆ. ಅವುಗಳಿಗಾಗಿ ಆ ಕಡೆ ಮನೆಗೇ ಹೋಗಬೇಕು. ಉಪನಯನದ ಕಾಗದ ನಿನ್ನೆ ಅಲ್ಲೇ ಮುಗಿಸಿದೆ.

ಲೆಕ್ಕ ಹಾಕಿದರೆ ಡಿಸ್ಕ್, ಪೆನ್‌ಡ್ರೈವ್ ಸೇರಿ 5,580. ಎರಡು ಸಲ ಶಿರಸಿಗೆ ಹೋದ ಪೆಟ್ರೋಲು ಬೇರೆ. ಮಿಂಟಿಗೆ ಒಂದು ಪೈಸೆ ಇಲ್ಲ. ಪೆನ್‌ಡ್ರೈವನ್ನು ಅಳಿಸದೆ ಹಾಗೇ ಇಟ್ಟಿದ್ದೇನೆ. ವಿಂಡೋಸಿನ ದೊಡ್ಡ ಅಪ್‌ಡೇಟ್ ಬಂದು ಬೂಟ್ ಆರ್ಡರ್ ತಪ್ಪಿಹೋದರೆ ಬೇಕಾಗುತ್ತದೆ.

ಇವತ್ತು ಬೆಳಿಗ್ಗೆ ಆಚೆಮನೆಯವನು ತನ್ನ ಲ್ಯಾಪ್‌ಟಾಪ್ ಕಂಕುಳಲ್ಲಿ ಹಿಡಿದು ಬಂದ. "ನಂದಕ್ಕೂ ಹಿಸೆ ಮಾಡ್ಕೊಡು ಮಾರಾಯಾ, ಅರ್ಧ ಗಂಟೆ ಕೆಲಸ ಅಡ." ಕೂರು ಅಂದೆ. ಪಾಸ್‌ವರ್ಡ್ ಏನು ಅಂತ ಕೇಳಿದೆ. ನಾಲ್ಕಂಕಿ ಹೇಳಿದ. ಅದು ಪಿನ್, ಪಾಸ್‌ವರ್ಡ್ ಹೇಳು ಅಂದೆ. ಲ್ಯಾಪ್‌ಟಾಪನ್ನು ಜಗಲಿ ಮೇಲೆ ಬಿಟ್ಟು ಬಿಲ್ಲು ಹುಡುಕಲು ಮನೆಗೆ ಹೋಗಿದ್ದಾನೆ, ಇನ್ನೂ ಬಂದಿಲ್ಲ.